ಜೇಮ್ಸ್ ವೆಬ್ ಟೆಲಿಸ್ಕೋಪ್ ಫೋಟೋ ನೋಡಿ ಏನಾದ್ರೂ ಆರ್ಟ್ ಮಾಡ್ಬೇಕು ಅನ್ಸಿದೆ, ಎಲ್ಲಿಂದ ಶುರು ಮಾಡ್ಲಿ?

ನಾನು ಪೇಂಟಿಂಗ್ ಮಾಡೋಳಲ್ಲ, ರಂಗೋಲಿ ಹಾಕೋಳು, ಹಾಗಾಗಿ ನಂಗೆ ಗೊತ್ತಿರೋದನ್ನ ಹೇಳ್ತೀನಿ. 2022ರ ಜುಲೈನಲ್ಲಿ ಬಾಹ್ಯಾಕಾಶದಲ್ಲಿರೋ ಈ ಟೆಲಿಸ್ಕೋಪಿನ ಮೊದಲ ಫೋಟೋಗಳು ಬಂದಾಗ ಕರೀನಾ ನೆಬ್ಯುಲಾದ ಆ ಕಂದು ಬೆಟ್ಟದ ಸಾಲು (ಬೆಟ್ಟ ಅಲ್ಲ, ಗ್ಯಾಸು ಧೂಳು) ನೋಡಿ ಮರುಳಾಗಿ ಮಹಡಿ ಮೇಲೆ ಮೂರು ಗಂಟೆ ಕೂತು ಬಣ್ಣದ ಪುಡಿಯಲ್ಲಿ ಅದನ್ನೇ ಹಾಕಿದೆ, ಎದ್ದು ನೋಡಿದ್ರೆ ಯಾರೋ ಸಾರಿನ ಪುಡಿ ಡಬ್ಬಿ ಬೀಳಿಸ್ಕೊಂಡ ಹಾಗಿತ್ತು.

ಆಮೇಲೆ ಫೋಟೋ ಬಿಟ್ಟು ಟೆಲಿಸ್ಕೋಪನ್ನೇ ನೋಡೋಕೆ ಶುರು ಮಾಡಿದೆ. ಅದರ ಕನ್ನಡಿ ಆರು ಮೂಲೆಯ 18 ತುಂಡು ಸೇರಿ 6.5 ಮೀಟರ್ ಅಗಲ. ಈಗ ಐದು ಚುಕ್ಕಿಯಿಂದ ಮೂರರವರೆಗೆ ಸಂದು ಚುಕ್ಕಿ ಇಟ್ಟು ಎಣಿಸಿ, 19 ಬರತ್ತೆ, ನಡುವಿನ ಒಂದನ್ನ ಬಿಟ್ಟು ಉಳಿದ ಚುಕ್ಕಿ ಸುತ್ತ ಜೇನುಗೂಡಿನ ಥರ ಮನೆ ಕಟ್ಟಿ, ಅದೇ ವೆಬ್ ಕನ್ನಡಿ! ನಂಗೆ ಅವತ್ತು ಮೈ ಜುಮ್ ಅಂತು. ಚಿನ್ನದ ಲೇಪಕ್ಕೆ ಅರಿಶಿನ ತುಂಬಿದೆ. ವೆಬ್ ಹೆಚ್ಚಾಗಿ ನೋಡೋ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನ ಚಿನ್ನ ಚೆನ್ನಾಗಿ ಪ್ರತಿಫಲಿಸತ್ತೆ ಅಂತ ಅದನ್ನ ಬಳಿದಿರೋದು, ಅಷ್ಟು ದೊಡ್ಡ ಕನ್ನಡಿಗೆ ಒಟ್ಟು ಸುಮಾರು 48 ಗ್ರಾಂ ಸಾಕಾಯ್ತಂತೆ, ಅಂದ್ರೆ ಆರು ಪವನ್. ಮದುವೆ ಮನೆಯಲ್ಲಿ ಇದಕ್ಕಿಂತ ಜಾಸ್ತಿ ನೋಡಿದೀನಿ.

ನಡುವಿನ ಮನೆ ಖಾಲಿ ಇದ್ದದ್ದು ಅಮ್ಮಂಗೆ ಸರಿಬರಲಿಲ್ಲ, "ಮಧ್ಯ ಹಾಗೆ ಬಿಡ್ತಾರೇನೇ" ಅಂತ ದಾಸವಾಳ ತಂದಿಟ್ರು. ಅಮ್ಮಾ ಬೆಳಕು ಆ ತೂತಿಂದಾನೇ ಹಿಂದಿರೋ ಕ್ಯಾಮೆರಾಗೆ ಹೋಗೋದು, ಮುಚ್ಚಬಾರದು ಅಂದೆ. "ಫೋಟೋ ತೆಗೆಯೋವಾಗ ಹೇಳು, ಎತ್ತುತೀನಿ" ಅಂದ್ರು.

ನಕ್ಷತ್ರ ಹಾಕೋದಾದ್ರೆ ಒಂದು ವಿಷಯ ನೆನಪಿರ್ಲಿ, ನಾನು ಅಭ್ಯಾಸಬಲದಿಂದ ನಾಲ್ಕು ಮುಳ್ಳು ಎಳೆದು ಪಕ್ಕದ ಮನೆ ಹುಡುಗನ ಹತ್ರ ಬೈಸ್ಕೊಂಡಿದೀನಿ. ನಾಲ್ಕು ಮುಳ್ಳು ವೆಬ್‌ಗಿಂತ ಹಳೆಯ ಬಾಹ್ಯಾಕಾಶ ಟೆಲಿಸ್ಕೋಪ್ ಹಬಲ್‌ದು. ವೆಬ್‌ದು ಆರು ಉದ್ದ, ಅಡ್ಡಕ್ಕೆ ಎರಡು ಗಿಡ್ಡ, ಒಟ್ಟು ಎಂಟು. ಆರು ಮೂಲೆಯ ಕನ್ನಡಿಯ ಅಂಚು, ಮುಂದಿನ ಸಣ್ಣ ಕನ್ನಡಿ ಹಿಡ್ಕೊಂಡಿರೋ ಮೂರು ಕಂಬಿ, ಇವುಗಳಿಂದ ಬೆಳಕು ಚದುರಿ ಹಾಗೆ ಕಾಣೋದು, ನಕ್ಷತ್ರಕ್ಕೆ ಮುಳ್ಳಿಲ್ಲ. ದೂರದ ಮಸುಕು ಗ್ಯಾಲಕ್ಸಿಗಳಿಗೂ ಮುಳ್ಳು ಎಳೀಬೇಡಿ, ಬೆರಳಲ್ಲಿ ಸ್ವಲ್ಪ ಸವರಿ ಬಿಟ್ರೆ ಸಾಕು.

ಬಣ್ಣದ ಬಗ್ಗೆ ತಲೆ ಕೆಡಿಸ್ಕೋಬೇಡಿ. ಇನ್‌ಫ್ರಾರೆಡ್ ನಮ್ಮ ಕಣ್ಣಿಗೆ ಕಾಣಲ್ಲ, ಉದ್ದ ತರಂಗಕ್ಕೆ ಕೆಂಪು, ಗಿಡ್ಡಕ್ಕೆ ನೀಲಿ ಅಂತ ಫೋಟೋ ತಯಾರು ಮಾಡೋರೇ ಬಣ್ಣ ಕೊಡೋದು. ನಾನು ಕೆಂಪಿನ ಬದಲು ಕುಂಕುಮ, ನೀಲಿ ಬದಲು ಬಟ್ಟೆಗೆ ಹಾಕೋ ನೀಲಿಯಲ್ಲಿ ಉಪ್ಪು ಕಲೆಸಿ ಬಳಸಿದೀನಿ, ಉಪ್ಪು ಬೆಳಗಿನ ಮಂಜಿಗೆ ನೀರೊಡೆಯತ್ತೆ, ಅದಕ್ಕೆ ಬಿಸಿಲು ಬಂದ್ಮೇಲೇನೇ ಹಾಕಿ.