ಶ್ರೀ ಗಂಗಾನಗರ ಮರಳುಗಾಡಿನಲ್ಲಿ ಹೇಗೆ ಬೆಳೆಯಿತು?

ರಾಜಸ್ಥಾನದ ಮರಳುಗಾಡಿನಲ್ಲಿ ಶ್ರೀ ಗಂಗಾನಗರ ಅಷ್ಟು ಹಸಿರಾಗಿರುವುದು ಇಂದಿರಾ ಗಾಂಧಿ ಕಾಲುವೆಯಿಂದಲಾ ಅಂತ ಕೇಳಿದ್ದೀರಿ. ಅಲ್ಲ. ಆ ಕಾಲುವೆಯ ಕೆಲಸ ಶುರುವಾಗಿದ್ದೇ 1958ರಲ್ಲಿ. ಗಂಗಾನಗರಕ್ಕೆ ನೀರು ಬಂದಿದ್ದು 1927ರಲ್ಲಿ, ಗಂಗ್ ಕಾಲುವೆಯಿಂದ. ಬ್ಯಾಂಕ್ ಕೆಲಸದ ಮೇಲೆ ಕೆಲವು ವರ್ಷ ಅಲ್ಲಿದ್ದೆ, ಬೆಳೆಸಾಲ ನನ್ನ ಮೇಜಿಗೇ ಬರುತ್ತಿತ್ತು. ಹಾಗಾಗಿ ಸ್ವಲ್ಪ ಗೊತ್ತು.

1899-1900ರಲ್ಲಿ ಅಲ್ಲಿ ಭೀಕರ ಬರ ಬಂತು. ವಿಕ್ರಮ ಸಂವತ್ 1956 ಆಗಿದ್ದರಿಂದ ಅದಕ್ಕೆ 'ಛಪ್ಪನಿಯಾ ಅಕಾಲ್', ಅಂದರೆ ಐವತ್ತಾರರ ಬರ, ಅಂತಲೇ ಹೆಸರು. ಬಿಕಾನೇರಿನ ಮಹಾರಾಜ ಗಂಗಾ ಸಿಂಗ್ ಆಗ 19ರ ಹುಡುಗ. ಸಟ್ಲೆಜ್ ನದಿಯ ನೀರು ತರಬೇಕು ಅಂತ ಹಟ ಹಿಡಿದ. ಆದರೆ ನದಿ ಪಂಜಾಬಿನದು, ಕೆಳಗಡೆ ಬಹಾವಲ್‌ಪುರ ಸಂಸ್ಥಾನದವರ (ಈಗ ಪಾಕಿಸ್ತಾನದಲ್ಲಿದೆ) ತಕರಾರು ಬೇರೆ. ಒಪ್ಪಂದ ಆಗುವಷ್ಟರಲ್ಲಿ 1920 ಬಂತು. ಮರಳು ನೀರು ಕುಡಿಯದಿರಲಿ ಅಂತ ಕಾಲುವೆಗೆ ಸುಣ್ಣದ ಗಾರೆ ಹಾಕಿಸಿದರು. ಆ ಕಾಲಕ್ಕೆ ಅದು ದೊಡ್ಡ ಸಾಹಸವೇ.

ಸರಿ, ನೀರು ಬಂತು. ಉಳುವವರು ಯಾರು? ಅಲ್ಲಿಯವರಿಗೆ ದನ ಮೇಯಿಸಿ, ಮಳೆ ಬಂದರೆ ಸಜ್ಜೆ ಬಿತ್ತಿ ಅಭ್ಯಾಸ. ಸಂಸ್ಥಾನದವರು ಜಮೀನು ಮಾರಾಟಕ್ಕಿಟ್ಟರು. ಕಾಲುವೆ ಬೇಸಾಯ ಗೊತ್ತಿದ್ದ ಪಂಜಾಬಿನ ರೈತರು, ಅದರಲ್ಲೂ ಸಿಖ್ಖರು, ಬಂದು ಕೊಂಡರು. ತುಂಗಭದ್ರಾ ನೀರು ಬಂದಾಗ ಆಂಧ್ರದವರು ಸಿಂಧನೂರು ಕಡೆ ಬಂದು ಕ್ಯಾಂಪ್ ಕಟ್ಟಿಕೊಂಡರಲ್ವಾ, ಹೆಚ್ಚುಕಮ್ಮಿ ಹಾಗೇ. 1947ರ ವಿಭಜನೆ ಆದಮೇಲೆ ಗಡಿಯಾಚೆಯಿಂದ ಇನ್ನಷ್ಟು ಜನ ಬಂದರು. ಅದಕ್ಕೇ ಅಲ್ಲಿ ಅಂಗಡಿ, ಬಸ್ಸು ಎಲ್ಲೆಲ್ಲೂ ಪಂಜಾಬಿ ಮಾತು.

ಹಳ್ಳಿಗಳನ್ನೂ ಸ್ಕೇಲ್ ಇಟ್ಟು ಗೆರೆ ಎಳೆದೇ ಮಾಡಿದ್ದು. ಬಿಘಾ ಅಂದರೆ ಅಲ್ಲಿಯ ಜಮೀನಿನ ಅಳತೆ. 25 ಬಿಘಾದ ಒಂದು ಚೌಕಕ್ಕೆ ಮುರಬ್ಬಾ ಅಂತ ಹೆಸರು. ಊರಿನ ಹೆಸರೇ '5 ಝಡ್', '1 ಇ' ಅಂತ ಇರುತ್ತದೆ! ಅವಕ್ಕೆ ಚಕ್ ಅಂತಾರೆ. ಅಕ್ಷರ ನಾಲೆಯ ಗುರುತು. ಸಾಲದ ಅರ್ಜಿಯಲ್ಲಿ ಇದನ್ನು ಮೊದಲು ನೋಡಿದಾಗ ಮನೆ ನಂಬರ್ ಬರೆದಿದ್ದಾರೆ ಅಂದುಕೊಂಡಿದ್ದೆ.

ನನಗೆ ತುಂಬಾ ಇಷ್ಟವಾಗಿದ್ದು ನೀರಿನ ಸರದಿ. ಅದಕ್ಕೆ ಬಾರಿ ಅಂತಾರೆ. ವಾರದ 168 ಗಂಟೆಯನ್ನು ಜಮೀನಿನ ಲೆಕ್ಕದಲ್ಲಿ ಎಲ್ಲರಿಗೂ ಹಂಚಿರುತ್ತಾರೆ. ನಿಮ್ಮ ಬಾರಿ ರಾತ್ರಿ ಎರಡಕ್ಕೆ ಬಂದರೆ, ಜನವರಿ ಚಳಿಯಲ್ಲಿ ಕಂಬಳಿ ಹೊದ್ದು, ಸನಿಕೆ, ಟಾರ್ಚ್ ಹಿಡಿದು ಹೋಗಲೇಬೇಕು. ಪಕ್ಕದವನ ಹೊಲಕ್ಕೆ ನೀರು ಹೋಗುವ ಬಾಯಿಗೆ ಮಣ್ಣು ಹಾಕಿ ಮುಚ್ಚಿ, ನಿಮ್ಮದನ್ನು ಕಡಿದು ಬಿಟ್ಟುಕೊಳ್ಳಬೇಕು. ನಿದ್ದೆ ಬಂತು ಅಂತ ಮಲಗಿದರೆ ಆ ವಾರದ ನೀರು ಹೋಯಿತು. ಮೇಲಿಂದಲೇ ನೀರು ಕಡಿಮೆ ಬಿಟ್ಟರಂತೂ ನಾಲೆಯ ಕೊನೆಯ ರೈತನಿಗೆ ಗಡಿಯಾರ ನೋಡುವುದೊಂದೇ ಕೆಲಸ. ಮಹಾರಾಜನ ಗುಣಗಾನ ಮಾಡುವವರು ಈ ಕೊನೆಯವನ ಮಾತು ಎತ್ತುವುದು ಕಡಿಮೆ.

ಈಗ ಅಲ್ಲಿ ಗೋಧಿ, ಸಾಸಿವೆ, ಹತ್ತಿ, ಗೋರಿಕಾಯಿ ಜಾತಿಯ ಗ್ವಾರ್, ಕಿತ್ತಳೆ ಜಾತಿಯ ಕಿನ್ನೊ ಹಣ್ಣು ಎಲ್ಲ ಬೆಳೆಯುತ್ತಾರೆ. ನೋಡಲು ಹೋಗುವುದಾದರೆ ಕಿನ್ನೊ ಕಾಲದಲ್ಲೇ ಹೋಗಿ, ಡಿಸೆಂಬರ್-ಜನವರಿ. ಬೇಸಿಗೆಯಲ್ಲಿ 45 ಡಿಗ್ರಿ ದಾಟುತ್ತದೆ, ಬೇಡ.