ಉಣುಗು ಹೆಕ್ಕುವುದೂ ವಿಜ್ಞಾನವೇ, ಮೇಷ್ಟ್ರೇ

ಸಾಗರದಿಂದ ನಿವೃತ್ತ ಭೌತಶಾಸ್ತ್ರ ಉಪನ್ಯಾಸಕರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಮಂಗನ ಕಾಯಿಲೆಯ ಲೇಖನವನ್ನು ವಿಜ್ಞಾನ ಪುಟದಲ್ಲಿ ಹಾಕಿದ್ದೀರಿ. ಅದರಲ್ಲಿ ಒಂದು ಸಮೀಕರಣವಿಲ್ಲ, ಒಂದು ಪ್ರಯೋಗವಿಲ್ಲ. ಕಾಡು ಸುತ್ತಿ ಉಣುಗು (ರಕ್ತ ಹೀರುವ ಉಣ್ಣೆಹುಳ) ಎಣಿಸುವುದು ಬರೀ ಮಾಹಿತಿ ಸಂಗ್ರಹ. ಅದನ್ನು ವಿಜ್ಞಾನ ಎಂದರೆ ಮಕ್ಕಳು ದಾರಿ ತಪ್ಪುತ್ತಾರೆ."

ಮೇಷ್ಟ್ರೇ, ಎರಡು ಹಾಳೆ ತುಂಬ ದುಂಡಗಿನ ಅಕ್ಷರದಲ್ಲಿ ಬರೆದಿದ್ದೀರಿ. ಇಂಥ ಪತ್ರ ಈಗ ಅಪರೂಪ. ಭೌತಶಾಸ್ತ್ರದ ನಿಖರತೆ ದೊಡ್ಡದು, ಒಪ್ಪಿದೆ. 1846ರಲ್ಲಿ ಲೆಕ್ಕ ತೋರಿಸಿದ ಜಾಗದ ಹತ್ತಿರವೇ ನೆಪ್ಚೂನ್ ಸಿಕ್ಕಿತು. ಆದರೆ ಅಲ್ಲೂ ಗ್ರಹವನ್ನು ಯಾರೂ ಪ್ರಯೋಗಶಾಲೆಗೆ ತರಲಿಲ್ಲ, ದೂರದರ್ಶಕ ಇಟ್ಟು ನೋಡಿದರು.

ಈಗ ಮಂಗನ ಕಾಯಿಲೆ ಮೊದಲು ಕಂಡ ನಮ್ಮ ಸೊರಬಕ್ಕೆ ಬನ್ನಿ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗ, ಮುಸಿಯಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರಿಗೆ ಮೊದಲು ಬಂದ ಅನುಮಾನ ಹಳದಿ ಜ್ವರದ್ದು. ಏಷ್ಯಾದಲ್ಲೇ ಇರದಿದ್ದ ರೋಗ ಬಂದುಬಿಟ್ಟಿತೇ ಎಂಬ ಭಯ. ಹಾಗಿದ್ದರೆ ಹಬ್ಬಿಸುವುದು ಸೊಳ್ಳೆಯಾಗಿರಬೇಕಿತ್ತು. ಆದರೆ ಸಿಕ್ಕಿದ ವೈರಸ್ ರಷ್ಯಾದಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ಬಳಗದ್ದು. ಹಳದಿ ಜ್ವರದ ಊಹೆಯನ್ನು ಅಲ್ಲಿಗೇ ಕೈಬಿಟ್ಟರು. ಕಾಡಿನಲ್ಲಿ ಉಣುಗು ಹೆಕ್ಕಿದರು, ಅವುಗಳಲ್ಲೂ ಅದೇ ವೈರಸ್ ಸಿಕ್ಕಿತು. ಮಳೆ ಮುಗಿದ ಮೇಲಿನ ಒಣ ತಿಂಗಳುಗಳಲ್ಲೇ ಈ ಕಾಯಿಲೆ ಯಾಕೆ, ದರಗು (ಉದುರಿದ ಒಣ ಎಲೆ) ತರಲು, ದನ ಮೇಯಿಸಲು ಹೋದವರಿಗೇ ಯಾಕೆ ಎಂಬುದು ಹಾಗೆ ಬಿಡಿಸಿಕೊಂಡಿತು. ತಾವು ನಂಬಿದ್ದನ್ನೇ ಬೀಳಿಸಬಲ್ಲ ಸಾಕ್ಷಿ ಹುಡುಕಿ ಹೋಗಿ, ಅದು ಸಿಕ್ಕಾಗ ನಂಬಿಕೆಯನ್ನು ಬಿಟ್ಟರಲ್ಲ, ನಾನು ವಿಜ್ಞಾನ ಎನ್ನುವುದು ಅದಕ್ಕೆ. ಆ ಸಾಕ್ಷಿ ಒಂದು ಶಾಸ್ತ್ರಕ್ಕೆ ಗಾಜಿನ ನಳಿಗೆಯಲ್ಲಿ ಸಿಗುತ್ತದೆ, ಇನ್ನೊಂದಕ್ಕೆ ಬಂಡೆಯಲ್ಲಿ, ಮತ್ತೊಂದಕ್ಕೆ ದರಗಿನ ಅಡಿಯಲ್ಲಿ.

ಭೌತಶಾಸ್ತ್ರಜ್ಞ ಲಾರ್ಡ್ ಕೆಲ್ವಿನ್ ಕಥೆ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಭೂಮಿ ತಣಿಯುವ ಲೆಕ್ಕ ಹಾಕಿ 1897ರಲ್ಲಿ ಅವರು ಕೊಟ್ಟ ವಯಸ್ಸು 2ರಿಂದ 4 ಕೋಟಿ ವರ್ಷ. ಸುತ್ತಿಗೆ ಹಿಡಿದು ಕಲ್ಲಿನ ಪದರ ಓದುತ್ತಿದ್ದವರು ಅಷ್ಟು ಸಾಲದು ಎನ್ನುತ್ತಲೇ ಇದ್ದರು. ಈಗಿನ ಲೆಕ್ಕ ಸುಮಾರು 454 ಕೋಟಿ. ನಮ್ಮ ಶಿವಮೊಗ್ಗ ಸೀಮೆಯ ಶಿಲೆಗಳೇ 250 ಕೋಟಿ ವರ್ಷಕ್ಕಿಂತ ಹಳೆಯವು. ಕೆಲ್ವಿನ್ನರ ಗಣಿತ ಸರಿಯಾಗಿಯೇ ಇತ್ತು, ಭೂಮಿಯೊಳಗೆ ಶಾಖ ಹೇಗೆ ಸಾಗುತ್ತದೆ ಎಂಬ ಊಹೆ ತಪ್ಪಾಗಿತ್ತು.

ನಮ್ಮ ಅಪ್ಪಯ್ಯ ಓದಿದ್ದು ಏಳನೇ ಕ್ಲಾಸು. ತೀರ್ಥಹಳ್ಳಿ ಕಡೆ ಮೂರು ಎಕರೆ ಅಡಿಕೆ ತೋಟ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವಾಗ (100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ) ಉಜ್ಜಿದ ಕತ್ತಿಯನ್ನು ಅದ್ದಿ ನೋಡುತ್ತಿದ್ದರು. ಕತ್ತಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಇನ್ನಷ್ಟು ಬೇಕು. ಒಂದು ಮಳೆಗಾಲ, ಅಂಗಡಿಯ ಸುಣ್ಣದ ಪುಡಿ ಸಾಕೋ, ಹೊಸದಾಗಿ ಸುಟ್ಟ ಸುಣ್ಣವೇ ಬೇಕೋ ಎಂದು ತಿಳಿಯಲು ತೋಟವನ್ನು ಪಾಲು ಮಾಡಿ ಎರಡನ್ನೂ ಹೊಡೆಸಿದರು. ಮೂಲೆಯ ಹತ್ತು ಮರಕ್ಕೆ ಏನೂ ಹೊಡೆಸಲಿಲ್ಲ. ಅಡಿಕೆ ಮರ ಹತ್ತುವ ಕೊನೆಗಾರ ನಕ್ಕ, ಅಮ್ಮ ವಾರವಿಡೀ ಮಾತು ಬಿಟ್ಟರು. ಆ ಹತ್ತು ಮರದ ಕಾಯಿ ಪೂರ್ತಿ ಉದುರಿತು, ಅಂಗಡಿಯ ಪುಡಿ ಹೊಡೆದ ಸಾಲಿನಲ್ಲೂ ಕೊಳೆ ಬಂತು. ನಷ್ಟವನ್ನೂ ಸೇರಿಸಿ ಎಲ್ಲವನ್ನೂ ಪಂಚಾಂಗದ ಅಂಚಿನಲ್ಲಿ, ಆರಿದ್ರಾ ಮಳೆಯ ಇಂಚುಗಳ ಪಕ್ಕ ಬರೆದಿಟ್ಟರು. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಇದೇ ಕೊಳೆರೋಗದ ಮೇಲೆ 1910ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದ್ದರು. ಅಪ್ಪಯ್ಯನಿಗೆ ಆ ಹೆಸರೂ ಗೊತ್ತಿರಲಿಲ್ಲ. ಆದರೂ ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಲು ನನಗೆ ಸಂಕೋಚವಿಲ್ಲ.

ಮಕ್ಕಳು ದಾರಿ ತಪ್ಪುತ್ತಾರೆ ಎಂದಿರಿ. ಹೋದ ವರ್ಷ ಜಿಲ್ಲೆಯ ಒಂದು ಪಿಯು ಕಾಲೇಜಿನವರು ಮಾತಾಡಲು ಕರೆದಿದ್ದರು. ಒಣಗಿಸಿದ ಗಿಡಗಳ ಮಾದರಿ ಇಡುವ ಬೀರು ಎಲ್ಲಿ ಎಂದು ಕೇಳಿದೆ. ತೆಗೆದು ತೋರಿಸಿದರು: ಒಳಗೆ ನೀಟ್, ಸಿಇಟಿ ಪ್ರಶ್ನೆಪತ್ರಿಕೆಗಳ ಕಟ್ಟು. ಕೊಳೆರೋಗಕ್ಕೆ ಕಾರಣ ಏನು ಎಂದರೆ ಇಡೀ ತರಗತಿ "ಫೈಟಾಫ್ತೊರಾ" ಎಂದು ಕೂಗಿತು. ಕಲೆ ಕಾಯಿಯ ಯಾವ ಕಡೆ ಮೊದಲು ಕಾಣುತ್ತದೆ ಎಂದೆ. ಅರ್ಧಕ್ಕರ್ಧ ಅಡಿಕೆ ಬೆಳೆಗಾರರ ಮನೆಯ ಮಕ್ಕಳು, ಒಬ್ಬರೂ ಬಾಯಿ ಬಿಡಲಿಲ್ಲ. ತೊಟ್ಟಿನ ಹತ್ತಿರ, ಮೇಷ್ಟ್ರೇ. ಯಾವ ಕೊನೆಗಾರನನ್ನು ಕೇಳಿದ್ದರೂ ಹೇಳುತ್ತಿದ್ದ. ಲ್ಯಾಬಿನ ಅವಧಿಯನ್ನೂ ಕೋಚಿಂಗಿಗೆ ಕೊಟ್ಟಿದ್ದಾರಂತೆ. ನಿಮ್ಮ ಭೌತಶಾಸ್ತ್ರದ ಲೋಲಕವೂ ಅಲ್ಲಿ ಧೂಳು ತಿನ್ನುತ್ತಿದೆ.

ನಿಮಗೆ ಪಾಠ ಹೇಳುವ ಶಕ್ತಿ ಇದೆ, ಈಗ ಬಿಡುವೂ ಇದೆ. ಒಂದು ಭಾನುವಾರ ನಿಮ್ಮ ಓಣಿಯ ಮಕ್ಕಳನ್ನು ತೋಟಕ್ಕೆ ಕರೆದುಕೊಂಡು ಹೋಗಿ, ಅವರು ಕಂಡದ್ದನ್ನು ಬರೆಸಿ ನಮಗೆ ಕಳಿಸಿ. ಮಂಗನ ಕಾಯಿಲೆ ಲೇಖನದ ಎರಡನೇ ಭಾಗ ಮುಂದಿನ ಸಂಚಿಕೆಯಲ್ಲಿದೆ, ವಿಜ್ಞಾನ ಪುಟದಲ್ಲೇ.

– ಸಂಪಾದಕ