ಮೊದಲು ಆ ಮೈಕ್ರೋಮೀಟರನ್ನು ವಿನೆಗರ್‌ನಿಂದ ಎತ್ತಿ!

ಸಾರ್, ತುಕ್ಕು ಬಿಡಲಿ ಅಂತ ತಾತನ ಮೈಕ್ರೋಮೀಟರನ್ನು (ಕೂದಲೆಳೆಯಷ್ಟು ದಪ್ಪವನ್ನೂ ಅಳೆಯೋ ತಿರುಪಿನ ಉಪಕರಣ) ನಿನ್ನೆ ರಾತ್ರಿಯಿಂದ ವಿನೆಗರ್‌ನಲ್ಲಿ ಮುಳುಗಿಸಿಟ್ಟು ಫೋಟೋ ಹಾಕಿದ್ದೀರಲ್ಲ, ಈಗಲೇ ಎದ್ದು ಹೋಗಿ ಎತ್ತಿ. ಅಡುಗೆ ಸೋಡಾ ಕಲಸಿದ ನೀರಲ್ಲಿ ಅದ್ದಿ, ಒರೆಸಿ, ಹೇರ್ ಡ್ರೈಯರ್ ಹಿಡಿದು, ಎಣ್ಣೆ ಹಚ್ಚಿ. ಆಮೇಲೆ ಬಂದು ಓದಿ.

ಇದೇ ತಪ್ಪು ಮಾಡಿ ಕೈ ಸುಟ್ಟುಕೊಂಡವನು ನಾನು. ನಮ್ಮ ತಾತ 1943ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನಲ್ಲಿ ಟರ್ನರ್, ಅಂದರೆ ಲೇತ್‌ನಲ್ಲಿ ಲೋಹ ಕಡೆಯೋ ಕೆಲಸ. ಕಾರ್ಖಾನೆ ಅಮೆರಿಕದ ಸೇನೆಯ ಕೈಲಿದ್ದ ಕಾಲ. ಡಕೋಟಾ ವಿಮಾನಗಳು ರಿಪೇರಿಗೆ ಬರೋವು, ನೀರಿನ ಮೇಲಿಳಿಯೋ ಕ್ಯಾಟಲಿನಾ ವಿಮಾನಗಳು ಬೆಳ್ಳಂದೂರು ಕೆರೆಗೇ ಇಳಿಯೋವು. ತಾತ ಬಿಟ್ಟುಹೋದದ್ದು ಮೂರೇ: ಮೂರ್ ಅಂಡ್ ರೈಟ್ ಕಂಪನಿಯ ಒಂದಿಂಚಿನ ಮೈಕ್ರೋಮೀಟರ್, ಹಿತ್ತಾಳೆಯ ಹಾಜರಿ ಬಿಲ್ಲೆ, ಉಳಿದ ಅಲ್ಯೂಮಿನಿಯಂ ತುಂಡಿನಲ್ಲಿ ತಾವೇ ಕಡೆದುಕೊಂಡ ನಶ್ಯದ ಡಬ್ಬಿ. ಅದರ ಮುಚ್ಚಳ ಇವತ್ತಿಗೂ ಒಂದು ಚೂರೂ ಅಲ್ಲಾಡಲ್ಲ.

ಮೈಕ್ರೋಮೀಟರ್ ಫ್ರೇಮಿನ ಮೇಲೆ ಇಂಚಿನ ಭಿನ್ನರಾಶಿಗಳನ್ನು ದಶಾಂಶದಲ್ಲಿ ಕೊಡೋ, 1/64ಕ್ಕೆ .0156 ಅಂತ ಶುರುವಾಗೋ ಸಣ್ಣಕ್ಷರದ ಪಟ್ಟಿ ಇತ್ತು. ತಾತನ ಹೆಬ್ಬೆರಳು ತಗಲೋ ಕಡೆ ಮೊದಲೇ ಮಸುಕು. ವಿನೆಗರ್‌ನಿಂದ ಬೆಳಗ್ಗೆ ಎತ್ತಿದರೆ ತುಕ್ಕಿನ ಜೊತೆ ಅಂಕಿಗಳೂ ನಾಪತ್ತೆ, ಫ್ರೇಮೆಲ್ಲ ಬೂದಿ ಬಣ್ಣ, ಅಳತೆ ಮುಖಗಳಲ್ಲಿ ಗುಳಿ. ಪೂರ್ತಿ ಮುಚ್ಚಿದರೂ ಅಳತೆ ಸೊನ್ನೆಗೆ ಕೂರಲೇ ಇಲ್ಲ. ಅಮ್ಮ ಏನೂ ಅನ್ನಲಿಲ್ಲ. ಹಳೇ ಪಂಚೆ ತುಂಡಲ್ಲಿ ಸುತ್ತಿ ಬೀರುವಿನಲ್ಲಿಟ್ಟರು. ಬೈದಿದ್ದರೇ ವಾಸಿಯಿತ್ತು.

ಆಮೇಲೆ ಸಿಕ್ಕ ಉಪಕರಣಕ್ಕೆಲ್ಲ ನನ್ನದು ಒಂದೇ ದಾರಿ, ಸೀಮೆಎಣ್ಣೆ. ಮೂರು ದಿನ ನೆನೆಸಿ, ಬಿದಿರು ಕಡ್ಡಿ ಚೂಪು ಮಾಡಿ ಗೀರುಗಳ ಉದ್ದಕ್ಕೆ ಮೆಲ್ಲಗೆ ಕೆರೆಯೋದು. ಈಗ ಸೀಮೆಎಣ್ಣೆ ಸಿಗೋದು ಕಷ್ಟ, ಡೀಸೆಲ್ ಆಗುತ್ತೆ, ಆದರೆ ವಾಸನೆ ವಾರ ಹೋಗಲ್ಲ. ಎರಡನ್ನೂ ಒಲೆ ಹತ್ತಿರ ಇಡಬೇಡಿ. ಥಿಂಬಲ್ (ತಿರುಗಿಸೋ, ಅಳತೆ ಗೀರುಗಳಿರೋ ಕೊಳವೆ) ಮೇಲೆ ಎಮೆರಿ ಪೇಪರ್ ಆಡಿಸೋರನ್ನು ಕಂಡರೆ ನನಗೆ ಮೈ ಉರಿಯುತ್ತೆ. ಡಬ್ಲ್ಯೂಡಿ-40 ಸ್ಪ್ರೇ ಜಾಮ್ ಬಿಡಿಸೋಕೆ ಸರಿ, ವರ್ಷಗಟ್ಟಲೆ ತುಕ್ಕಿನಿಂದ ಕಾಪಾಡೋಕೆ ನಂಬಬೇಡಿ. ಕೊನೆಗೆ ಹೊಲಿಗೆ ಮಷೀನ್ ಎಣ್ಣೆ ಒಂದು ಹನಿ. ಇಕ್ಕಳ ಹಾಕಿ ತಿರುಗಿಸೋದಂತೂ ಬೇಡವೇ ಬೇಡ.

ಸೊನ್ನೆ ನೋಡೋ ಮುಂಚೆ ಎರಡು ಮುಖಗಳ ನಡುವೆ ಬಿಳಿ ಕಾಗದ ಹಗುರವಾಗಿ ಹಿಡಿಸಿ ಎಳೆಯಿರಿ. ಕಪ್ಪು ಗೆರೆ ಬಂದರೆ ಇನ್ನೂ ಕೊಳೆ ಇದೆ ಅಂತಲೇ ಅರ್ಥ. ಒಳಗಿಡುವಾಗ ಪೂರ್ತಿ ಮುಚ್ಚಬೇಡಿ, ಕೂದಲೆಳೆಯಷ್ಟಾದರೂ ಸಂದು ಬಿಡಿ, ಇಲ್ಲದಿದ್ದರೆ ಮುಖಗಳು ಅಲ್ಲೇ ತುಕ್ಕು ಹಿಡಿದು ಕೂರ್ತವೆ. ಚರ್ಮದ ಚೀಲ ನೋಡೋಕೆ ಚೆಂದ, ಆದರೆ ತೇವ ಹಿಡಿದಿಟ್ಟುಕೊಳ್ಳುತ್ತೆ. ಚೀಲ ಬೇರೆ, ಉಪಕರಣ ಬೇರೆ ಇಡಿ.

ನಿಮ್ಮ ಬಿಲ್ಲೆಗೂ ಹುಣಸೆಹಣ್ಣು ಹಾಕಿ ತಿಕ್ಕಿದ್ದೀರಿ, ಆಯ್ತು ಬಿಡಿ. ಇನ್ನು ಮುಟ್ಟಬೇಡಿ. ಆ ಕಪ್ಪಿನಿಂದಲೇ ನಂಬರ್ ಎದ್ದು ಕಾಣ್ತಿತ್ತು.

ಇನ್ನೊಂದು, ಫೋಟೋದ ಮೂಲೆಯಲ್ಲಿ ವಿಮಾನದ ಡಯಲ್ ಕಂಡಿತು. ಆ ಕಾಲದ ಎಷ್ಟೋ ಡಯಲ್‌ಗಳ ಮುಳ್ಳಿಗೆ, ಅಂಕಿಗೆ ಕತ್ತಲಲ್ಲಿ ಹೊಳೆಯಲಿ ಅಂತ ವಿಕಿರಣ ಸೂಸುವ ರೇಡಿಯಂ ಬಣ್ಣ ಬಳಿಯುತ್ತಿದ್ದರು. ಈಗ ಹೊಳೆಯಲ್ಲ ಅಂತ ಗಾಜು ಬಿಚ್ಚಿ ಒರೆಸೋಕೆ ಹೋಗಬೇಡಿ. ಹೊಳಪು ಸತ್ತರೂ ರೇಡಿಯಂ ಅಲ್ಲೇ ಇರುತ್ತೆ, ಅರ್ಧ ಕರಗೋಕೇ 1600 ವರ್ಷ ಬೇಕು. ಗಾಜು ಬಿರುಕು ಬಿಟ್ಟಿದ್ದರೆ ಜಿಪ್ ಕವರ್‌ನಲ್ಲಿ ಹಾಕಿ, ಮಕ್ಕಳಿಗೆ ಎಟುಕದ ಕಡೆ ಎತ್ತಿಡಿ.